ಉಪ್ಪಿನ ಸರೋವರದಲ್ಲಿ ಉಪಚಾರ

"ಮರುಭೂಮಿ ಅಂದ್ರೆ ನನಗೆ ನಮ್ಮನೆ ಅಂಗಳ ಇದ್ದ ಹಾಗೆ!" ಎಂದು ಹೂಶಂಗ್ ಘೋಷಿಸಿದ. ಆ ಹೊತ್ತಿಗೆ ಅವನ ಹೆಂಡತಿ ಫರ್ಖಂದೆ ಅಂಗಳದಲ್ಲಿ ಬಗ್ಗಿಕೊಂಡು ಅವನ ಕನ್ನಡಕ ಹುಡುಕುತ್ತಿದ್ದಳು. ಅದನ್ನು ಅವನು ಅದೇ ಅಂಗಳದಲ್ಲಿ ಕಳೆದುಕೊಂಡು ಎರಡು ದಿನವಾಗಿತ್ತು.

"ಬೆಳಿಗ್ಗೆ ಬಿಳಿ ಕೋಟೆ, ಮಧ್ಯಾಹ್ನ ಉಪ್ಪಿನ ಸರೋವರ, ದೀಪ ಹಚ್ಚೋ ಹೊತ್ತಿಗೆ ಮನೆ. ಊಟಕ್ಕೆ ಕೂರೋ ಮುಂಚೆ ಮದುವೆ ಮಾತು ಫೈಸಲ್!"

"ದಾರಿ ಗೊತ್ತಿರೋ ಡ್ರೈವರ್ ಒಬ್ಬನ್ನ ಕರ್ಕೊಂಡು ಹೋಗೋಣ ಹೂಶಂಗ್."

"ನಮ್ಮೂರ ಮರಳಿನಲ್ಲಿ ನನಗೇ ದಾರಿ ತೋರ್ಸೋಕೆ ಇನ್ನೊಬ್ಬನಾ?"

"ನೀನು ಆ ಸರೋವರಕ್ಕೆ ಹೋಗಿದ್ದು ಒಂದೇ ಸಲ, ಐದನೇ ಕ್ಲಾಸಿನಲ್ಲಿ. ಬಸ್ಸಿಂದ ಇಳೀದೆ ಅಳ್ತಾ ಕೂತಿದ್ದೆ ಅಂತ ನಿಮ್ಮಮ್ಮನೇ ಹೇಳಿದಾರೆ."

ಹೂಶಂಗ್ ಈ ಐತಿಹಾಸಿಕ ದಾಖಲೆಯನ್ನು ಕೇಳಿಸಿಕೊಳ್ಳದವನಂತೆ ಕಾರು ಒರೆಸಲು ಹೋದ.

ಕಾಶಾನ್ ಪೇಟೆಯಲ್ಲಿ ಅವನದು ಪನ್ನೀರಿನ ಅಂಗಡಿ. ಮೂವತ್ತು ವರ್ಷ ಪನ್ನೀರು ಮಾರಿ ಮಾರಿ ಅವನ ಮಾತಿಗೂ ಅದರ ವಾಸನೆ ಹತ್ತಿಬಿಟ್ಟಿತ್ತು. ನಮ್ಮ ಕಡೆ ಎಲ್ಲರಿಗೂ ಆ ವಾಸನೆ ಸ್ವಲ್ಪ ಇದ್ದೇ ಇದೆ ಅನ್ನಿ. ಯಾರಾದರೂ ಏನಾದರೂ ಕೊಟ್ಟರೆ ಒಂದು ಸಲ ಬೇಡ ಅನ್ನಬೇಕು. ಇನ್ನೊಂದು ಸಲ ಕೊಟ್ಟರೆ ಇನ್ನೊಂದು ಸಲ ಬೇಡ ಅನ್ನಬೇಕು. ಮೂರನೇ ಸಲಕ್ಕೆ, ನಿಮ್ಮ ಮಾತು ತೆಗೆದುಹಾಕುವ ಧೈರ್ಯ ನನಗೆಲ್ಲಿ ಅನ್ನುತ್ತಾ ಎರಡೂ ಕೈ ಚಾಚಬೇಕು. ನಡೆಯುವುದಕ್ಕಿಂತ ಮುಂಚೆ ನಾವು ಕಲಿಯುವುದು ಇದನ್ನೇ. ಆದರೆ ಹೂಶಂಗ್ ಇದರಲ್ಲಿ ಮಹಾಪಂಡಿತ. ದಂತವೈದ್ಯರು ಬಾಯಿ ತೆರೆಯಿರಿ ಅಂದರೂ "ಮೊದಲು ನೀವು" ಅನ್ನುವಂಥ ಆಸಾಮಿ!

ಅವನಿಗೆ ತಕ್ಕ ಎದುರಾಳಿ ಈಗ ಉತ್ತರದ ಮಳೆಸೀಮೆಯಾದ ರಶ್ತ್‌ನಿಂದ ಬಂದಿಳಿದಿದ್ದರು: ದೀಲಮಾನಿ ಆಗಾ. ಜೊತೆಗೆ ಅವರ ಹೆಂಡತಿ ಮಾಹ್‌ರುಖ್ ಖಾನಮ್, ಮಗ ಸಿಯಾಮಕ್. ನಮ್ಮಲ್ಲಿ ಗಂಡಸಿಗೆ ಆಗಾ, ಹೆಂಗಸಿಗೆ ಖಾನಮ್ ಅನ್ನದಿದ್ದರೆ ಮರ್ಯಾದೆ ಪೂರ್ತಿಯಾಗುವುದಿಲ್ಲ. ಹೂಶಂಗನ ಒಬ್ಬಳೇ ಮಗಳು ನಸ್ತರನ್ ಮತ್ತು ಈ ಸಿಯಾಮಕ್ ಇಸ್ಫಹಾನ್‌ನಲ್ಲಿ ಒಟ್ಟಿಗೆ ಓದಿ, ಒಟ್ಟಿಗೇ ಒಂದು ತೀರ್ಮಾನಕ್ಕೂ ಬಂದಿದ್ದರು. ಬಾಕಿ ಇದ್ದದ್ದು ಹಿರಿಯರು ಕೂತು ಕೇಳುವುದು, ಹಿರಿಯರು ಕೂತು ಒಪ್ಪುವುದು. ಹಿರಿಯರು ಕೂತರೇನೋ ನಿಜ. ಮೂರು ದಿನದಿಂದ ಕೂತೇ ಇದ್ದರು. "ನಿಮ್ಮ ತೋಟದ ಹೂವಿನ ಮೇಲೆ ಕಣ್ಣು ಹಾಕೋ ಯೋಗ್ಯತೆ ನಮಗೆಲ್ಲಿದೆ" ಅಂತ ಅವರು ಶುರುಮಾಡಿದರೆ, "ನಮ್ಮ ಗುಡಿಸಲಿಗೆ ನಿಮ್ಮ ಕಾಲಧೂಳು ಬಿದ್ದದ್ದೇ ಸಾಕು" ಅಂತ ಇವನು. ಧೂಳು ಎದ್ದು ಎದ್ದು ಮದುವೆಯೇ ಕಾಣದಂತಾಗಿತ್ತು. ನಾಳೆ ಬೆಳಿಗ್ಗೆ ಅವರು ರಶ್ತ್‌ಗೆ ಹೊರಡುವವರು. ಕೇಳದೆ ಹೋದರೆ ಮುಗಿಯಿತು, ಕೇಳದೆ ಹೋದರು ಅನ್ನುವುದೇ ನಮ್ಮಲ್ಲಿ ಬೇಡ ಅಂದರು ಅನ್ನುವುದಕ್ಕೆ ಸಮ!

"ಬಾಬಾ," ಎಂದು ನಸ್ತರನ್ ಕಾರಿನ ಕಿಟಕಿಗೆ ಬಗ್ಗಿ ಪಿಸುಗುಟ್ಟಿದಳು. "ಇವತ್ತು ಅವರ ಬಾಯಿಂದ ಕೇಳಿಸೇ ಕೇಳಿಸ್ತೀಯಾ ತಾನೇ?"

"ನಿಮ್ಮಪ್ಪ ಇದಾನೆ ಕಣೇ!"

"ಅದಕ್ಕೇ ಭಯ," ಎಂದಳು ಮಗಳು. ಅವಳೂ ಸಿಯಾಮಕ್ಕನೂ ಅಜ್ಜಿಯ ಕಾವಲಿನಲ್ಲಿ ಮನೆಯಲ್ಲೇ ಉಳಿದರು.

ಮೊದಲ ಯುದ್ಧ ಮನೆ ಬಾಗಿಲಲ್ಲೇ. ಕಾರಿನ ಮುಂದಿನ ಸೀಟಿನಲ್ಲಿ ಕೂರುವವರು ಯಾರು?

"ದೀಲಮಾನಿ ಆಗಾ, ದಯಮಾಡಿಸಿ, ಆ ಸೀಟು ಹುಟ್ಟಿದ್ದೇ ನಿಮಗಾಗಿ."

"ಛೇ ಛೇ, ಫರ್ಖಂದೆ ಖಾನಮ್‌ಗೆ ಬೆನ್ನು ಹಾಕಿ ಕೂತ್ಕೊಳ್ಳೋ ಪಾಪ ನನಗ್ಯಾಕೆ?"

"ಹೂವಿಗೆ ಎಲ್ಲಿ ಬೆನ್ನು, ಎಲ್ಲಿ ಮುಖ!"

ಹೂವಿಗೆ ಬೆನ್ನಿಲ್ಲ ಎಂಬ ಮಾತಿಗೆ ದೀಲಮಾನಿಯವರು ಎದೆ ಮೇಲೆ ಕೈಯಿಟ್ಟು ಬಾಗಿದರು. ಹೂಶಂಗ್ ಇನ್ನೂ ಕೆಳಕ್ಕೆ ಬಾಗಿದ. ಅಷ್ಟರಲ್ಲಿ ಬಿಸಿಲು ಬೀದಿಯ ಈ ಬದಿಗೆ ಬಂತು. ಕೊನೆಗೆ ಮೂವರೂ ಹಿಂದಿನ ಸೀಟಿನಲ್ಲಿ ಇಕ್ಕಟ್ಟಾಗಿ ಕೂತು, ಮುಂದಿನ ಸೀಟಿನಲ್ಲಿ ಒಂದು ಕಲ್ಲಂಗಡಿ ಹಣ್ಣು ರಾಜಗಾಂಭೀರ್ಯದಿಂದ ಆಸೀನವಾಯಿತು. ದಾರಿಯುದ್ದಕ್ಕೂ ಹೂಶಂಗ್ ಅದಕ್ಕೇ ಊರು ತೋರಿಸಿಕೊಂಡು ಹೋದ.

ಬಿಳಿ ಕೋಟೆಗೆ ಆ ಹೆಸರು ಯಾಕೆ ಬಂತೋ ದೇವರಿಗೇ ಗೊತ್ತು. ಕೋಟೆಯೂ ಅಲ್ಲ, ಬಿಳಿಯೂ ಅಲ್ಲ. ಯಾವುದೋ ಕಾಲದ ಮಣ್ಣಿನ ಗೋಡೆಗಳು ಗಾಳಿಗೆ ಕರಗಿ ಮೊಣಕಾಲೆತ್ತರಕ್ಕೆ ಇಳಿದಿದ್ದವು. ಹೆಬ್ಬಾಗಿಲಿನ ಕಮಾನೊಂದು ಮಾತ್ರ ಇನ್ನೂ ಹಟ ಹಿಡಿದು ನಿಂತಿತ್ತು. ಆ ಕಮಾನಿನ ಮುಂದೆ ಹೂಶಂಗ್ ನಿಂತ. ಪಕ್ಕದಲ್ಲಿ ದೀಲಮಾನಿಯವರೂ ನಿಂತರು. ಆಯಿತಲ್ಲ!

"ನೀವು ಮುಂದೆ."

"ನಿಮ್ಮ ಊರು, ನಿಮ್ಮ ಕೋಟೆ, ನೀವು ಮುಂದೆ."

"ಕೋಟೆ ನನ್ನದಾದ್ರೆ ನೀವು ನನ್ನ ಸುಲ್ತಾನರು!"

"ಸುಲ್ತಾನರಾ! ನಾನು ನಿಮ್ಮ ಕುದುರೆ ಲಾಯದ ಆಳು."

ಆಳು ಮತ್ತು ಅಂಗಡಿಯವನು ಹೀಗೆ ಬಾಗಿಲಲ್ಲಿ ಬಾಗುತ್ತಾ ನಿಂತಿರಲು, ಹೆಂಗಸರಿಬ್ಬರು ಪಕ್ಕದ ಮೊಣಕಾಲುದ್ದದ ಗೋಡೆಯನ್ನು ದಾಟಿಕೊಂಡು ಒಳಗೆ ಹೋದರು. ಬಾವಿ ನೋಡಿದರು, ಧಾನ್ಯದ ಹಗೇವು ನೋಡಿದರು, ನೆರಳಲ್ಲಿ ಕೂತು ಪಿಸ್ತಾ ತಿಂದರು, ಸಿಪ್ಪೆ ಕೊಡವಿಕೊಂಡು ಅದೇ ಗೋಡೆ ದಾಟಿ ಹೊರಗೆ ಬಂದರು. ಗಂಡಸರು ಇನ್ನೂ ಒಳಗೆ ಹೋಗಿರಲಿಲ್ಲ.

"ಮುಗೀತಾ?" ಎಂದಳು ಫರ್ಖಂದೆ.

"ನಾವಿನ್ನೂ ಪ್ರವೇಶ ಮಾಡಿಲ್ಲ!"

"ಇದಕ್ಕೆ ಶತ್ರುಗಳೂ ನಿನ್ನಂಥವರೇ ಬಂದಿದ್ರೆ ಕೋಟೆ ಇವತ್ತಿಗೂ ಗಟ್ಟಿಯಾಗಿರ್ತಿತ್ತು."

ಪ್ರವೇಶವಿಲ್ಲದಿದ್ದರೂ ಉಪನ್ಯಾಸವಿತ್ತು. ಇದು ಸಾವಿರ ವರ್ಷದ ಕೋಟೆ ಎಂದು ಕಾರು ನಿಲ್ಲಿಸುವಾಗ ಹೂಶಂಗ್ ಹೇಳಿದ್ದ. ದೀಲಮಾನಿಯವರು "ಅದ್ಭುತ" ಅಂದದ್ದಕ್ಕೆ ಎರಡು ಸಾವಿರ ಮಾಡಿದ. "ಪರಮಾದ್ಭುತ" ಅಂದಾಗ ಇನ್ನೊಂದು ಸಾವಿರ ಸೇರಿಸಿದ. ಮಾಹ್‌ರುಖ್ ಖಾನಮ್ ಮಾತ್ರ ಕೊಡೆ ಬಿಚ್ಚಿಕೊಂಡು ಮರಳನ್ನೇ ನೋಡುತ್ತಾ, "ನಮ್ಮಲ್ಲಿ ಗೋಡೆ ಮೇಲೂ ಹುಲ್ಲು ಬೆಳೆಯುತ್ತೆ," ಎಂದರು. ಅದು ಹೊಗಳಿಕೆಯಲ್ಲ ಎಂದು ಹೂಶಂಗನಿಗೂ ಗೊತ್ತಾಯಿತು. ಬೆಳಿಗ್ಗೆಯೆಲ್ಲ ಕಳೆದುಹೋಯಿತು, ಮಗಳ ಹೆಸರು ಒಂದು ಸಲವೂ ಯಾರ ಬಾಯಲ್ಲೂ ಬಂದಿರಲಿಲ್ಲ.

ಉಪ್ಪಿನ ಸರೋವರವನ್ನು ತೋರಿಸಿದರೆ ಅವರ ಮನಸ್ಸು ಕರಗುತ್ತದೆ, ತಾನಾಗಿ ಬಾಯಿ ಬಿಡುತ್ತಾರೆ ಎಂಬುದು ಅವನ ಕೊನೆಯ ಆಸೆ. ಸರೋವರವೂ ಮೋಸ ಮಾಡಲಿಲ್ಲ. ದಿಗಂತದವರೆಗೆ ಬೆಳ್ಳಗೆ, ಜೇನುಗೂಡಿನ ಕಣ್ಣುಗಳಂತೆ ಬಿರುಕು ಬಿಟ್ಟು, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಂತೆ ಮಲಗಿತ್ತು. ದಡದಲ್ಲಿ ಕಾರು ನಿಧಾನವಾಯಿತು.

"ಹೂಶಂಗ್ ಆಗಾ, ಇಲ್ಲಿಂದಲೇ ತುಂಬಾ ಚೆನ್ನಾಗಿ ಕಾಣ್ತಿದೆ. ಇಲ್ಲೇ ನಿಲ್ಸಿದ್ರೆ ಸಾಕಲ್ವೇ?" ಎಂದರು ದೀಲಮಾನಿ.

ಬಡಪಾಯಿ, ಆ ಇಡೀ ದಿನದಲ್ಲಿ ಅವರು ಮನಸ್ಸಿನಿಂದ ಆಡಿದ ಮೊದಲ ಮಾತು ಅದು. ಚಳಿಗಾಲದ ಮಳೆ ಕುಡಿದ ಉಪ್ಪು ಚಕ್ರದ ಕೆಳಗೆ ಕಿರ್ರೆನ್ನುವುದು ಅವರಿಗೆ ಕೇಳಿಸಿತ್ತು. ಆದರೆ ಹೂಶಂಗ್ ಅದನ್ನು ಉಪಚಾರವೆಂದೇ ತಿಳಿದ. ಅತಿಥಿ ಸಾಕು ಅಂದರೆ ಇನ್ನೊಂದು ಸೌಟು ಬಡಿಸಬೇಡವೇ?

"ನಿಮಗೆ ದಡ ತೋರಿಸಿ ಕಳಿಸ್ಲಾ? ನಟ್ಟನಡುವೆ ಕರ್ಕೊಂಡ್ಹೋಗ್ತೀನಿ!"

"ದಯವಿಟ್ಟು ಬೇಡಿ..."

"ನೀವು ಬೇಡ ಅಂದಷ್ಟೂ ನನಗೆ ನಾಚಿಕೆ ಆಗುತ್ತೆ!" ಎಂದು ಹೂಶಂಗ್ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದ.

ಮುಂದಿನದನ್ನು ಹೇಗೆ ಹೇಳಲಿ? ಬಿಸಿ ಹಾಲಿನ ಕೆನೆಗೆ ಚಮಚ ಇಳಿದ ಹಾಗೆ ಕಾರು ಇಳಿಯಿತು. ಶಬ್ದವಿಲ್ಲ, ಗಲಾಟೆಯಿಲ್ಲ, ಅದೂ ಬಹಳ ಮರ್ಯಾದಸ್ಥ ಕಾರು. ಚಕ್ರಗಳೆಲ್ಲ ಬೂದು ಬಣ್ಣದ ಉಪ್ಪು ಕೆಸರಿನಲ್ಲಿ ಮರೆಯಾದವು. ಮುಂದಿನ ಸೀಟಿನ ಕಲ್ಲಂಗಡಿ ಕೆಳಗುರುಳಿ ಎರಡು ಹೋಳಾಯಿತು.

ತಳ್ಳಿದರು. ಹೂಶಂಗ್ ತಳ್ಳಿದ, ದೀಲಮಾನಿ ತಳ್ಳಿದರು. ಕಾರು ಕದಲಲಿಲ್ಲ, ದೀಲಮಾನಿಯವರ ಎಡಗಾಲಿನ ಬೂಟು ಮಾತ್ರ ಕೆಸರೊಳಗೆ ಹೋಗಿ ಮತ್ತೆ ಬರಲಿಲ್ಲ. "ಹಳೇ ಬೂಟು, ನಿಮ್ಮ ಊರಿಗೇ ಕಾಣಿಕೆ," ಎಂದರು ಅವರು, ಒಂದು ಕಾಲಲ್ಲಿ ನಿಂತು. ಅದು ಹೊಚ್ಚಹೊಸ ಬೂಟು ಎಂಬುದು ಅವರ ಹೆಂಡತಿಯ ಮುಖದಲ್ಲೇ ಬರೆದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಜಮಖಾನ ಹಾಸಿ, ಮಾನ ಉಳಿಸಿಕೊಳ್ಳಲು ಫ್ಲಾಸ್ಕಿನಲ್ಲಿದ್ದ ಚಹಾ ಬಗ್ಗಿಸಿಕೊಂಡು, ಇದೇ ಮೊದಲಿನಿಂದಲೂ ಕಾರ್ಯಕ್ರಮವಾಗಿತ್ತು ಎಂಬಂತೆ ನಾಲ್ವರೂ ಕೂತರು.

ಆಗ ಬಂತು ಲಾರಿ! ಉಪ್ಪು ತುಂಬಲು ಹೊರಟಿದ್ದ ಖಾಲಿ ಲಾರಿ, ಗಟ್ಟಿ ನೆಲದ ದಾರಿಯಲ್ಲಿ ಬಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಸಲಾಂ ಆಗಾ! ಎಳೀಲಾ?"

ಹೂಶಂಗನ ಹೃದಯ ಕುಣಿಯಿತು. ನಾಲಿಗೆ ಮಾತ್ರ ತನ್ನ ಮೂವತ್ತು ವರ್ಷದ ಅಭ್ಯಾಸ ಬಿಡಲಿಲ್ಲ. "ಅಯ್ಯೋ, ನಿಮಗ್ಯಾಕಪ್ಪಾ ತೊಂದ್ರೆ!"

"ತೊಂದ್ರೆ ಎಂಥದ್ದು, ಹಗ್ಗ ಇದೆ."

"ಬೇಡ ಬೇಡ, ನಿಮ್ಮ ಕೆಲಸ ಕೆಡುತ್ತೆ. ನಿಮ್ಮ ಕೈ ನೋಯೋದು ಬೇಡ."

"ನಾವು ಬಹಳ ಆರಾಮಾಗಿದ್ದೀವಿ!" ಎಂದು ದೀಲಮಾನಿಯವರೂ ಒಂದು ಕಾಲಿನ ಬೂಟಿನಲ್ಲಿ ಎದ್ದು ನಿಂತು ದನಿಗೂಡಿಸಿದರು.

ಇನ್ನೇನು ಮೂರನೇ ಸಲ ಕೇಳುತ್ತಾನೆ. "ನಿಮ್ಮ ಮಾತು ತೆಗೆದುಹಾಕೋ ಧೈರ್ಯ ನನಗೆಲ್ಲಿ" ಎಂಬ ಮಾತು ಹೂಶಂಗನ ತುಟಿಯ ಮೇಲೆ ಬಂದು, ಬಾಗಿಲಲ್ಲಿ ಕಾಯುವ ಮದುಮಗನಂತೆ ನಿಂತಿತ್ತು. ಡ್ರೈವರ್ ಜಮಖಾನ ನೋಡಿದ, ಚಹಾ ನೋಡಿದ, ಕಲ್ಲಂಗಡಿ ನೋಡಿದ.

"ಸರಿ ಹಾಗಾದ್ರೆ, ಮಜಾ ಮಾಡಿ. ಖುದಾ ಹಾಫೆಜ್!"

ಹೊರಟೇಹೋದ! ಲಾರಿ ದೂರವಾಯಿತು, ಬೆಂಕಿಪೆಟ್ಟಿಗೆಯಾಯಿತು, ನೊಣವಾಯಿತು, ಇಲ್ಲವಾಯಿತು. ನಾಲ್ವರೂ ಅದು ಇಲ್ಲವಾದ ಜಾಗವನ್ನೇ ಬಹಳ ಹೊತ್ತು ನೋಡಿದರು.

ಫರ್ಖಂದೆ ಗಂಡನನ್ನು ಯಾವಾಗಲೂ ಹೆಸರು ಹಿಡಿದೇ ಕರೆಯುವವಳು. ಬಹುವಚನ ಬಂದರೆ ಸಿಡಿಲು ಬಂತು ಅಂತ ಅರ್ಥ.

"ಆಗಾ," ಎಂದಳು, ಮೆಲ್ಲಗೆ. "ತಾವು ಮುಳುಗ್ತಿರುವಾಗ ಯಾರಾದ್ರೂ ಕೈ ಕೊಟ್ರೆ, 'ನಿಮ್ಮ ತೋಳು ಒದ್ದೆ ಆಗುತ್ತೆ' ಅಂತೀರಾ?"

"ಅವನು ಮೂರನೇ ಸಲ ಕೇಳ್ಬೇಕಾಗಿತ್ತು! ಎಂಥ ಸಂಸ್ಕಾರ ಇಲ್ಲದ ಮನುಷ್ಯ!"

"ಅವನಿಗೆ ಲಾರಿ ಇತ್ತು. ನಿಮಗೆ ಸಂಸ್ಕಾರ ಇದೆ. ಬನ್ನಿ, ಸಂಸ್ಕಾರಕ್ಕೆ ಹಗ್ಗ ಕಟ್ಟಿ ಎಳೀರಿ."

ಬಿಸಿಲು ಮೇಲಿನಿಂದಲೂ ಬಂತು, ಉಪ್ಪಿನ ಮೇಲೆ ಬಿದ್ದು ಕೆಳಗಿನಿಂದಲೂ ಬಂತು. ಕಲ್ಲಂಗಡಿ ಮುಗಿಯಿತು. ಚಹಾ ಮುಗಿಯಿತು. ನೀರು ಒಂದೇ ಒಂದು ಲೋಟ ಉಳಿಯಿತು. ಹೆಂಗಸರು ಆಗಲೇ ಕುಡಿದಿದ್ದರು. ಹೂಶಂಗ್ ಅದನ್ನು ಎರಡೂ ಕೈಯಲ್ಲಿ ಹಿಡಿದು ದೀಲಮಾನಿಯವರ ಮುಂದೆ ಒಡ್ಡಿದ. ಅವರು ಹಿಂದಕ್ಕೆ ತಳ್ಳಿದರು. ಇವನು ಮುಂದಕ್ಕೆ. "ನನ್ನ ಪ್ರಾಣದಾಣೆ ನೀವು!" "ನನ್ನ ಅಪ್ಪನ ಗೋರಿಯಾಣೆ ನೀವು!" ಲೋಟ ಮುಂದೆ ಹೋಯಿತು, ಹಿಂದೆ ಬಂತು, ಆಮೇಲೆ ಕೆಳಗೆ ಹೋಯಿತು. ಉಪ್ಪು ಮಾತ್ರ ಯಾವ ಉಪಚಾರವನ್ನೂ ಮಾಡದೆ ಒಂದೇ ಗುಟುಕಿಗೆ ಕುಡಿದುಬಿಟ್ಟಿತು.

ಮಾಹ್‌ರುಖ್ ಖಾನಮ್ ಕೊಡೆಯ ಕೆಳಗೆ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದರು.

ಹೂಶಂಗ್ ಕಾರಿನ ಹಿಂದೆ ಹೋಗಿ ಕೂತ. ಎಲ್ಲ ಮುಗಿಯಿತು ಅನ್ನಿಸಿತು. ಇನ್ನು ಮನೆ ಮುಟ್ಟಿದರೆ ಅವರು ಪೆಟ್ಟಿಗೆ ಕಟ್ಟುತ್ತಾರೆ. ನಸ್ತರನ್ ಏನೂ ಅನ್ನುವುದಿಲ್ಲ, ಅದೇ ಕಷ್ಟ. ತಟ್ಟೆ ಎತ್ತಿಟ್ಟು ಒಳಗೆ ಹೋಗುತ್ತಾಳೆ, ನಾಳೆಯಿಂದ ಅಂಗಡಿಗೆ ಬಂದು ಪನ್ನೀರಿನ ಬಾಟಲಿ ಜೋಡಿಸಿಕೊಡುತ್ತಾಳೆ, ಒಂದು ದಿನವೂ ಅಪ್ಪನನ್ನು ಬೈಯುವುದಿಲ್ಲ. ಒಬ್ಬಳೇ ಮಗಳ ಸುಖವನ್ನು ಅವನು ನಾಲಿಗೆಯ ಚಪಲಕ್ಕೆ ಉಪ್ಪಿನಲ್ಲಿ ಹೂತುಹಾಕಿದ್ದ.

ಫರ್ಖಂದೆ ಬಂದು ಪಕ್ಕದಲ್ಲಿ ಕೂತಳು. ಏಕವಚನ ಮರಳಿತ್ತು.

"ಹೂಶಂಗ್, ನಸ್ತರನ್ ಮೇಲೆ ಆಣೆ ಮಾಡು. ಇವತ್ತು ಮಲಗೋವರೆಗೂ ಮನಸ್ಸಲ್ಲಿ ಇದ್ದದ್ದು ಬಿಟ್ಟು ಬೇರೆ ಮಾತು ಬಾಯಲ್ಲಿ ಬರಕೂಡದು. ಹೌದಾದ್ರೆ ಹೌದು, ಇಲ್ಲವಾದ್ರೆ ಇಲ್ಲ."

"ಜನ ಏನಂದ್ಕೋತಾರೆ ಫರ್ಖಂದೆ?"

"ಇಲ್ಲಿ ಯಾವ ಜನ ಇದಾರೆ ತೋರ್ಸು."

ಹೂಶಂಗ್ ಸುತ್ತ ನೋಡಿದ. ದಿಗಂತದವರೆಗೂ ಒಬ್ಬರೂ ಇರಲಿಲ್ಲ. ಆಣೆ ಮಾಡಿದ.

ಹೊತ್ತು ಇಳಿಯುವಾಗ ಅದೇ ಲಾರಿ ಉಪ್ಪು ಹೇರಿಕೊಂಡು ವಾಪಸ್ಸು ಬಂತು. ಡ್ರೈವರ್ ತಲೆ ಹೊರಗೆ ಹಾಕಿ, "ಇನ್ನೂ ಆರಾಮಾಗಿದ್ದೀರಾ..." ಅನ್ನುವಷ್ಟರಲ್ಲಿ ಹೂಶಂಗ್ ಓಡಿಹೋಗಿ ಲಾರಿಯ ಬಾಗಿಲಿಗೇ ಜೋತುಬಿದ್ದ. "ಇಲ್ಲ! ಆರಾಮಿಲ್ಲ! ಎಳೀರಿ! ಈಗಲೇ ಎಳೀರಿ! ನೀರು ಕೊಡಿ!" ತನ್ನ ಬಾಯಿಂದ ಇಷ್ಟು ಬೆತ್ತಲೆ ಮಾತು ಬಂದದ್ದು ಕೇಳಿ ಅವನಿಗೇ ಮೈ ಜುಮ್ಮೆಂದಿತು. ದೀಲಮಾನಿಯವರು ತಲೆ ತಗ್ಗಿಸಿದರು, ಆದರೆ ನೀರಿನ ಕ್ಯಾನಿಗೆ ಅವರೇ ಮೊದಲು ಬಾಯಿ ಹಾಕಿದರು.

ಕಾರು ಹಗ್ಗದ ತುದಿಯಲ್ಲಿ, ನಾಲ್ವರೂ ಲಾರಿಯಲ್ಲಿನ ಉಪ್ಪಿನ ಗುಡ್ಡೆಯ ಮೇಲೆ, ಹಾಗೇ ಊರಿಗೆ ಹೊರಟರು. ಕಾಶಾನ್ ಮುಟ್ಟಿದಾಗ ಬೀದಿದೀಪ ಹತ್ತುತ್ತಿತ್ತು. ಮೈಮೇಲೆಲ್ಲ ಉಪ್ಪು ಮೆತ್ತಿಕೊಂಡು ಬಂದವರನ್ನು ಕಂಡು ಸಿಯಾಮಕ್ ಬೆಪ್ಪಾದ. ನಸ್ತರನ್ ಅಪ್ಪನ ಮುಖ ಒಂದನ್ನೇ ನೋಡಿದಳು. ನೋಡಿ, ಏನೂ ಕೇಳದೆ ಚಹಾ ತರಲು ಒಳಗೆ ಹೋದಳು.

ಕೈಕಾಲು ತೊಳೆದು ಎಲ್ಲರೂ ಕೂತರು. ದೀಲಮಾನಿಯವರು ಹೂಶಂಗನ ಚಪ್ಪಲಿ ಮೆಟ್ಟಿಕೊಂಡಿದ್ದರು. ಹೆಂಡತಿ ಮೊಣಕೈಯಿಂದ ತಿವಿದ ಮೇಲೆ ಗಂಟಲು ಸರಿಮಾಡಿಕೊಂಡರು.

"ಹೂಶಂಗ್ ಆಗಾ, ಇನ್ನು ತಡ ಮಾಡೋದ್ರಲ್ಲಿ ಅರ್ಥವಿಲ್ಲ. ಹೇಳೋಕೆ ನಾಚಿಕೆ, ಆದ್ರೂ ಹೇಳ್ತೀನಿ. ನಮ್ಮ ಸಿಯಾಮಕ್ ನಿಮ್ಮ ಮಗಳ ಕಾಲಿನ ಉಗುರಿಗೂ ಸಮನಲ್ಲ."

ಆಹಾ, ಎಂಥ ಚೆಂಡು! ಬೇರೆ ದಿನವಾಗಿದ್ದರೆ ಹೂಶಂಗ್ ಅದನ್ನು ಆಕಾಶಕ್ಕೆ ಹಾರಿಸುತ್ತಿದ್ದ. ನಮ್ಮ ಹುಡುಗಿ ನಿಮ್ಮ ಹೊಸ್ತಿಲ ಧೂಳು ಅನ್ನುತ್ತಿದ್ದ. ಆದರೆ ಆಣೆ ಇತ್ತು. ಅವನು ಮನಸ್ಸಿನೊಳಗೆ ಹೋಗಿ ಹುಡುಕಿದ.

"ಹೌದು," ಎಂದ.

ಚಹಾ ತಟ್ಟೆ ಹಿಡಿದು ಬರುತ್ತಿದ್ದ ನಸ್ತರನ್ ಬಾಗಿಲಲ್ಲೇ ನಿಂತುಬಿಟ್ಟಳು. ಸಿಯಾಮಕ್ ಕಿವಿಯವರೆಗೂ ಕೆಂಪಾದ. ಆಮೇಲೆ ದೀಲಮಾನಿಯವರು ತೊಡೆ ತಟ್ಟಿಕೊಂಡು ಹೋ ಎಂದು ನಕ್ಕುಬಿಟ್ಟರು.

"ಕೇಳಿದ್ಯಾ ಮಾಹ್‌ರುಖ್! ಈಗಲೇ ಅಳಿಯನ್ನ ಗೇಲಿ ಮಾಡ್ತಿದ್ದಾರೆ. ಸ್ವಂತದವರನ್ನ ಬಿಟ್ಟು ಬೇರೆಯವರನ್ನ ಯಾರಾದ್ರೂ ಹೀಗಂತಾರಾ!"

ಮಾಹ್‌ರುಖ್ ಖಾನಮ್ ಮುಖವೂ ಬೆಳಿಗ್ಗೆಯಿಂದ ಮೊದಲ ಸಲ ಅರಳಿತು. "ಹಾಗಾದ್ರೆ ಕೇಳೇಬಿಡ್ತೀನಿ. ಹೂಶಂಗ್ ಆಗಾ, ನಸ್ತರನ್‌ನ ನಮ್ಮ ಮನೆಗೆ ಕೊಡ್ತೀರಾ?"

ಮೂರು ದಿನ ಕಾದ ಮಾತು! ಕಾರು ಹೂತು, ಬೂಟು ಹೋಗಿ, ಕೊನೆಗೂ ಬಂದ ಮಾತು. ಹೂಶಂಗ್ ಉತ್ತರಕ್ಕಾಗಿ ಮತ್ತೆ ಮನಸ್ಸಿನೊಳಗೆ ಇಳಿದ. ಇಷ್ಟು ದಿನ ಬಾಗಿಲಲ್ಲೇ ಉಪಚಾರ ಹೇಳುತ್ತಾ ನಿಂತಿದ್ದವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಕಂಡದ್ದನ್ನು ಹಾಗೇ ಹೊರಗೆ ತಂದ.

"ಇಲ್ಲ," ಎಂದ. "ಕೊಡೋಕೆ ನನಗೆ ಮನಸ್ಸಿಲ್ಲ. ರಶ್ತ್ ತುಂಬಾ ದೂರ. ಬೆಳಿಗ್ಗೆ ಅವಳು ಕೆಮ್ಮಿದ್ರೆ ನನಗೆ ಯಾರು ಬಂದು ಹೇಳ್ತಾರೆ?"

ಮಾಹ್‌ರುಖ್ ಖಾನಮ್ ಎರಡೂ ಕೈ ಎದೆಗೊತ್ತಿಕೊಂಡರು. "ಆಹಾ! ಎಂಥ ಮನೆತನ! ಕೇಳಿದ ತಕ್ಷಣ ಹೂಂ ಅಂದಿದ್ರೆ ನನಗೇ ಬೇಜಾರಾಗ್ತಿತ್ತು. ಒಂದು ಸಲ ಆಯ್ತು. ಎರಡನೇ ಸಲ ಕೇಳ್ತೀನಿ. ಕೊಡ್ತೀರಾ?"

"ಖಾನಮ್, ನಾನು ಉಪಚಾರಕ್ಕೆ ಹೇಳ್ತಿಲ್ಲ. ನಿಜವಾಗ್ಲೂ ಮನಸ್ಸಿಲ್ಲ!"

"ನಿಜವಾಗ್ಲೂ ಅಂತಾನೇ ಎಲ್ರೂ ಹೇಳೋದು!" ಎಂದು ದೀಲಮಾನಿಯವರು ಚಪ್ಪಾಳೆ ತಟ್ಟಿದರು. "ನಾವೂ ತಂಗೀನ ಕೊಡೋವಾಗ ಹೀಗೇ ಅಂದಿದ್ವಿ. ಎಷ್ಟು ಸೊಗಸಾಗಿ ಹೇಳಿದ್ರಿ ಆಗಾ, ಕಣ್ಣಲ್ಲಿ ನೀರೂ ತಂದ್ಕೊಂಡ್ರಿ!"

ಅಜ್ಜಿ ನಕ್ಕಳು. ಸಿಯಾಮಕ್ ನಕ್ಕ. ಫರ್ಖಂದೆ ಮಾತ್ರ ನಗಲಿಲ್ಲ. ಹೂಶಂಗ್ ತಲೆಯೆತ್ತಿದ. ನಸ್ತರನ್ ಇನ್ನೂ ಬಾಗಿಲಲ್ಲೇ ನಿಂತಿದ್ದಳು, ಲೋಟಗಳಲ್ಲಿ ಚಹಾ ಆರುತ್ತಿತ್ತು.

"ಮೂರನೇ ಸಲ ಕೇಳ್ತೀನಿ," ಎಂದರು ಮಾಹ್‌ರುಖ್ ಖಾನಮ್. ಕೈಯಲ್ಲಿ ಆಗಲೇ ಸಿಹಿ ಹಿಡಿದಿದ್ದರು.

ಫರ್ಖಂದೆ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಆಣೆ ವಾಪಸ್ ತಗೊಂಡೆ," ಎಂದಳು ಮೆಲ್ಲಗೆ. "ಈಗ ಚೆನ್ನಾಗಿ ಹೇಳು."

ಹೂಶಂಗ್ ನೆಟ್ಟಗೆ ಕೂತ. ಎದೆಯ ಮೇಲೆ ಕೈಯಿಟ್ಟ. ತಲೆ ಬಾಗಿಸಿದ.

"ಖಾನಮ್, ಇವತ್ತಿಂದ ಅವಳು ನಿಮ್ಮ ಮಗಳು. ಕರ್ಕೊಂಡ್ಹೋಗಿ. ನನಗೆ ಇದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿಲ್ಲ."

ಮಾಹ್‌ರುಖ್ ಖಾನಮ್ ಸಿಹಿಯನ್ನು ಅವನ ಬಾಯಿಗಿಟ್ಟು, ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ನೋಡಿದ್ರಾ! ಬೆಳಿಗ್ಗೆಯಿಂದ ಇದೊಂದೇ ಮಾತು ನೋಡಿ ಇವರ ಹೃದಯದಿಂದ ಬಂದದ್ದು!"